ಹಳೇ ಕಂಪ್ಯೂಟರಿಗೆ ಖರೇ ಬೆಲೆ ಎಷ್ಟು?

ಹಳೇ ಸಾಲಿ ಗೋದಾಮಿನಾಗ
ಧೂಳು ಹಿಡಿದ ದಪ್ಪ ಕೀಬೋರ್ಡ್ ಸಿಕ್ತು ಅನ್ರಿ.
ಗುಜರಿಗೆ ಹಾಕ್ತೀರೇನು?

ತಡೀರಿ.
ಧೂಳು ಒರೆಸಿ ಹೆಸರು ಓದ್ರಿ; ‘ಬಿಬಿಸಿ ಮೈಕ್ರೋ’ ಅಂತ ಇರಬಹುದು.

1984-85ರಾಗ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ ಬಂತು.
ಸಾಲಿಗಳಿಗೆ ಬಿಬಿಸಿ ಮೈಕ್ರೋ ಅನ್ನೋ ಕಂಪ್ಯೂಟರ್ ಕೊಟ್ರು.
ಕೀಬೋರ್ಡಿನ ಹೊಟ್ಟ್ಯಾಗೇ ಇಡೀ ಕಂಪ್ಯೂಟರ್!
ಮೆಮೊರಿ?
ಮಾಡೆಲ್ ಬಿ ಒಳಗ 32 ಕೆಬಿ.
ನಿಮ್ಮ ಫೋನಿನ ಒಂದು ಫೋಟೋನೂ ಹಿಡಿಯಂಗಿಲ್ಲ.

ಈಗ ರೇಟಿಗೆ ಬರೋಣ.
ನಮ್ಮ ಜಿಡಗಾ ಊರ ಕಡಿ ರೈತರು ಎತ್ತು ಹ್ಯಾಂಗ ಕೊಳ್ತಾರ?
ಕೊಂಬಿನ ಬಣ್ಣ ನೋಡಿ ರೊಕ್ಕ ಬಿಚ್ಚಂಗಿಲ್ಲ.
ಬಾಯಿ ತೆಗೆಸಿ ಹಲ್ಲು ನೋಡ್ತಾರ,
ನಾಕು ಹೆಜ್ಜಿ ನಡೆಸ್ತಾರ.

ಇಲ್ಲೂ ಹಂಗ.
ಕೀ ಎಲ್ಲಾ ಅದಾವೇನು?
ಒಳಗ ಬೋರ್ಡಿಗೆ ತುಕ್ಕು ಹತ್ಯದೇನು?
ಡಬ್ಬಿ, ಕೈಪಿಡಿ, ಕ್ಯಾಸೆಟ್ ಜೋಡಿ ಇದ್ರ
ಮಾತೇ ಬ್ಯಾರೆ.

ಆದ್ರ ನಡೆಸಿ ನೋಡೋ ಅವಸರಕ್ಕ
ಪ್ಲಗ್ ಮಾತ್ರ ಹಚ್ಚಬ್ಯಾಡ್ರಿ!
ಬಿಬಿಸಿ ಮೈಕ್ರೋದ ಪವರ್ ಸಪ್ಲೈ ಒಳಗ
ಹಳೇ ಕೆಪಾಸಿಟರ್ ಭಾಳ ಸಲ ಬಿರುಕು ಬಿಟ್ಟಿರ್ತದ.
ಸ್ವಿಚ್ ಒತ್ತಿದ್ರ ಪಟ್ ಅಂತ ಸಿಡಿದು
ಮನಿ ತುಂಬ ಹೊಗಿ.
ಮೊದಲು ರಿಪೇರಿಯವರಿಗೆ ತೋರಸ್ರಿ.

ಮತ್ತ, ಹಳೇದೆಲ್ಲಾ ಬಂಗಾರ ಅಲ್ಲ.
1976ರ ಆ್ಯಪಲ್-1 ಮಾಡಿದ್ದೇ ಸುಮಾರು 200.
ಅದಕ್ಕ ಹರಾಜಿನಾಗ ರೇಟು ಕೋಟಿ ರೂಪಾಯಿ ದಾಟ್ಯದ.
ಕಮೊಡೋರ್ 64?
ಒಂದು ಕೋಟಿಗಿಂತ ಹೆಚ್ಚು ಮಷೀನ್ ಮಾರ್ಯಾರ.
ಸಿಗೋದು ಸಸಾರ, ರೇಟೂ ಸಸಾರ.

ಆನ್‌ಲೈನಿನಾಗ ಮಂದಿ ಕೇಳೋ ರೇಟು ನೋಡಿ ಹಿಗ್ಗಬ್ಯಾಡ್ರಿ.
ಮಾರಿಹೋದದ್ದು ಎಷ್ಟಕ್ಕ, ಅದನ್ನ ಹುಡುಕ್ರಿ.
ಕೇಳ್ಲಿಕ್ಕೇನು?
ಸಂತ್ಯಾಗ ಕುಂಟ ಎತ್ತಿಗೂ ಲಕ್ಷ ಕೇಳ್ತಾರ!