ರೇಷ್ಮೆಪಟ್ಟಿ ಹೇಳಿದ ಸಾಕ್ಷಿ

ಪ್ರತಿ ವರ್ಷ ಬಿ.ಎಸ್ಸಿ. ಮಕ್ಕಳಿಗೆ ಒಂದು ಪ್ರಯೋಗ ಮಾಡಿಸುತ್ತೇನೆ. ಅಲೆ ಬಂದು ಕಸ ಬಿಟ್ಟುಹೋಗುವ ಗೆರೆಯಿಂದ ಒಂದು ಬೊಗಸೆ ಮರಳು ತಂದು ಗಾಜಿನ ಜಾಡಿಗೆ ಹಾಕುತ್ತೇವೆ. ಇನ್ನು ಕರಗದು ಎನ್ನುವಷ್ಟು ಉಪ್ಪು ಬೆರೆಸಿದ ನೀರು ಸುರಿದು ಕಲಕಿ, ಕಾಯುತ್ತೇವೆ. ಮರಳು ತಳಕ್ಕಿಳಿಯುತ್ತದೆ. ಒಣ ಪಾಚಿ, ಕಟ್ಟಿಗೆಯ ಪುಡಿ ತೇಲಿ ಬರುತ್ತವೆ. ಅವುಗಳ ನಡುವೆ ಕೂದಲಿನಂಥ ಒಂದು ನೀಲಿ ಎಳೆ. "ಸರ್, ಇದು ಬಲೆ ಹಗ್ಗದ್ದು" ಎಂದು ಮೀನುಗಾರರ ಮನೆಯ ಮಕ್ಕಳು ಕೂಡಲೇ ಹೇಳುತ್ತಾರೆ.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಇಂಥ ಚೂರುಗಳೇ ಮೈಕ್ರೋಪ್ಲಾಸ್ಟಿಕ್. ಅಮೆರಿಕದ ಎಡ್ವರ್ಡ್ ಕಾರ್ಪೆಂಟರ್ 1972ರಲ್ಲೇ ಸಾರ್ಗಾಸೊ ಸಮುದ್ರದ ಮೇಲ್ಮೈಯಲ್ಲಿ ಚದರ ಕಿಲೋಮೀಟರಿಗೆ ಸರಾಸರಿ 3,500 ಪ್ಲಾಸ್ಟಿಕ್ ಚೂರುಗಳಿವೆ ಎಂದು ಲೆಕ್ಕ ಕೊಟ್ಟಿದ್ದರು. ಆಗ ಹೆಚ್ಚಿನವರು ಕಿವಿಗೊಡಲಿಲ್ಲ. ಮೈಕ್ರೋಪ್ಲಾಸ್ಟಿಕ್ ಎಂಬ ಮಾತು ಬಳಕೆಗೆ ಬಂದದ್ದು 2004ರಲ್ಲಿ, ಇಂಗ್ಲೆಂಡಿನ ಪ್ಲಿಮತ್‌ನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರ ಲೇಖನದಿಂದ. ಆಮೇಲೆ ಸಂಶೋಧನೆ ಭರದಿಂದ ಬೆಳೆಯಿತು. 2022ರಲ್ಲಿ ಮನುಷ್ಯರ ರಕ್ತದಲ್ಲೂ ಪ್ಲಾಸ್ಟಿಕ್ ಕಣಗಳು ಸಿಕ್ಕವು.

ಥಾಂಪ್ಸನ್ ಲೇಖನ ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಹಳೆಯ ರೇಷ್ಮೆಯ ಮೇಲೆ. ವಿಜ್ಞಾನಿ ಅಲಿಸ್ಟರ್ ಹಾರ್ಡಿ ರೂಪಿಸಿದ ಉಪಕರಣವೊಂದನ್ನು 1931ರಿಂದ ವ್ಯಾಪಾರಿ ಹಡಗುಗಳು ಹಿಂದೆ ಕಟ್ಟಿ ಎಳೆದುಕೊಂಡು ಹೋದವು. ಅದರೊಳಗೆ ರೇಷ್ಮೆಪಟ್ಟಿ ನಿಧಾನವಾಗಿ ಸರಿಯುತ್ತಾ ನೀರಿನಲ್ಲಿ ತೇಲುವ ಪ್ಲವಕ (ಪ್ಲಾಂಕ್ಟನ್) ಜೀವಿಗಳನ್ನು ಸೋಸಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೂ ಆ ಮಾದರಿಗಳನ್ನು ಜೋಪಾನವಾಗಿ ಇಟ್ಟರು. ಹಾಗೆ ಇಟ್ಟದ್ದರಿಂದಲೇ 1960ರ ದಶಕದಿಂದ ಈಚಿನ ಮಾದರಿಗಳನ್ನು ಹೋಲಿಸಿ, ಪ್ಲಾಸ್ಟಿಕ್ ಏರುತ್ತಾ ಬಂದದ್ದನ್ನು ತೋರಿಸಲು ಥಾಂಪ್ಸನ್ ತಂಡಕ್ಕೆ ಸಾಧ್ಯವಾಯಿತು.

ಹೀಗೆ ಸಿಕ್ಕ ಎಳೆ ನೂಲಿನದೋ ನೈಲಾನಿನದೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಲೇಸರ್ ಬೆಳಕು ಬಿಟ್ಟು, ಚದುರಿದ ಬೆಳಕಿನ ಬಣ್ಣ ಹೇಗೆ ಬದಲಾಯಿತೆಂದು ನೋಡಿ ಗುರುತಿಸುವ ಒಂದು ವಿಧಾನವಿದೆ. ಅದರ ಮೂಲ 1928ರ ರಾಮನ್ ಪರಿಣಾಮ. 1921ರ ಹಡಗು ಪಯಣದಲ್ಲಿ ಕಡಲ ನೀಲಿಯನ್ನು ಕಂಡು ಯೋಚನೆಗೆ ಬಿದ್ದವರು ಸಿ.ವಿ. ರಾಮನ್. ಅವರ ಬೆಳಕು ಈಗ ಕಡಲ ಕಸವನ್ನು ಹೆಸರು ಹಿಡಿದು ಕರೆಯುತ್ತಿದೆ.

ಆದರೆ ಹಾಗೆ ಗುರುತಿಸಲು ಹಳೆಯ ಮಾದರಿ ಉಳಿದಿರಬೇಕಲ್ಲ. ನಾನು ಮೊದಲು ಪಾಠ ಹೇಳಿದ ಕಾಲೇಜಿನಲ್ಲಿ, ಪ್ರಯೋಗಾಲಯಕ್ಕೆ ಸುಣ್ಣ ಬಳಿಸುವಾಗ ಜಾಗ ಸಾಲದೆಂದು ಫಾರ್ಮಾಲಿನ್‌ನಲ್ಲಿಟ್ಟ ಹಳೆಯ ಪ್ಲವಕದ ಬಾಟಲಿಗಳನ್ನೆಲ್ಲ ಎಸೆದುಬಿಟ್ಟರು. ಲೇಬಲ್ಲಿನ ಮೇಲೆ ತಾರೀಖು, ಅಳಿವೆಯ ಹೆಸರು ಎಲ್ಲವೂ ಇದ್ದವು. ನಾನು ಸುಮ್ಮನೆ ನೋಡುತ್ತಾ ನಿಂತಿದ್ದೆ. ಆ ನೀರಿನಲ್ಲಿ ಆಗ ಎಷ್ಟು ಎಳೆಗಳಿದ್ದವೋ, ತಿಳಿಯುವ ದಾರಿ ಇನ್ನಿಲ್ಲ.

ಕರಾವಳಿಯ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ನಿಮ್ಮ ಕಪಾಟಿನಲ್ಲಿ ಅಂಥ ಬಾಟಲಿ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ಮಾಸಿದ ಲೇಬಲ್ ಇದ್ದರೆ ಇವತ್ತೇ ಮತ್ತೆ ಬರೆದಿಡಿ.