ಮುಖಜ ಭೂಮಿಯ ಅನಿಲ

ಸಗಣಿಯ ಗುಂಡಿಯಿಂದ ಬರುವ ಅನಿಲದಲ್ಲಿ ಅಡಿಗೆಯಾಗುವುದನ್ನು ಹೊನ್ನಾಳಿ, ಚನ್ನಗಿರಿಗಳ ಕಡೆಯ ಹಲವರು ಕಂಡಿರಬಹುದು. ನೀಲಿಯಾಗಿ ಉರಿಯುವ ಆ ಅನಿಲದ ಮುಖ್ಯಾಂಶ ಮೀಥೇನ್. ಭೂಗರ್ಭದ ನೈಸರ್ಗಿಕ ಅನಿಲವೂ ಬಹುಪಾಲು ಮೀಥೇನೇ. ಗುಂಡಿಯಲ್ಲಿ ಕೆಲವೇ ವಾರಗಳಲ್ಲಿ ಹುಟ್ಟುವ ಈ ವಸ್ತು ನೆಲದಾಳದಲ್ಲಿ ಸಂಚಯವಾಗಲು ಕೋಟ್ಯಂತರ ವರ್ಷಗಳು ಬೇಕು. ಸಸ್ಯಗಳ, ಸೂಕ್ಷ್ಮಜೀವಿಗಳ ಅವಶೇಷಗಳು ಕೆಸರಿನಲ್ಲಿ ಹೂತು, ಅದರ ಮೇಲೆ ಪದರ ಪದರವಾಗಿ ಮಣ್ಣು ಬಿದ್ದು, ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಅನಿಲವಾಗುತ್ತವೆ. ಅದು ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ಮೇಲೊಂದು ಬಿಗಿಯಾದ ಜೇಡಿಯ ಪದರ ತಡೆದು ನಿಲ್ಲಿಸಿದರೆ ಮಾತ್ರ ಅಲ್ಲಿ ಉಳಿಯುತ್ತದೆ.

ನಮ್ಮ ಸೀಮೆಯಲ್ಲಿ ಅಂಥ ನೆಲವಿಲ್ಲ. ಇಲ್ಲಿಯ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಬೆಂದು, ಮಡಿಕೆಬಿದ್ದು ಗಟ್ಟಿಯಾದವು. ಆದರೆ ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಬಂಗಾಳ ಕೊಲ್ಲಿಯನ್ನು. ಮಳೆಗಾಲದ ಕೆಂಪು ನೀರನ್ನು ದಡದಲ್ಲಿ ನಿಂತು ನೋಡುವವರಿಗೆ ಆ ಮಣ್ಣು ಎಲ್ಲಿ ತಂಗುವುದೆಂಬ ಯೋಚನೆ ಬಾರದು. ಕೃಷ್ಣಾ ಗೋದಾವರಿಗಳೂ ಅವುಗಳಿಗೆ ಮುಂಚಿನ ನದಿಗಳೂ ಯುಗಯುಗಗಳಿಂದ ಹೊತ್ತು ತಂದ ಮಣ್ಣು ಆಂಧ್ರದ ಕರಾವಳಿಯಲ್ಲಿ ಹಲವು ಕಿಲೋಮೀಟರು ದಪ್ಪಕ್ಕೆ ಶೇಖರವಾಗಿದೆ.

ಎಣ್ಣೆ ಮತ್ತು ನೈಸರ್ಗಿಕ ಅನಿಲ ಆಯೋಗವು 1980ರ ದಶಕದಲ್ಲಿ ಅಲ್ಲಿಯ ಕೋನಸೀಮೆಯಲ್ಲಿ ಅನಿಲವನ್ನು ಪತ್ತೆಮಾಡಿತು. ಗೋದಾವರಿಯ ಕವಲುಗಳ ನಡುವಣ ಆ ನಾಡು ತೆಂಗು, ಭತ್ತಗಳಿಗೆ ಹೆಸರಾದುದು. ತೋಟಗಳ ನಡುವೆ ಕೊರೆಬಾವಿಗಳೆದ್ದವು, ಮನೆಗಳ ಪಕ್ಕದಲ್ಲಿ ಕೊಳವೆಗಳು ಹಾದುಹೋದವು. ಗೊಬ್ಬರದ ಕಾರ್ಖಾನೆ, ವಿದ್ಯುತ್ ಕೇಂದ್ರಗಳಿಗೆ ಇಂಧನ ದೊರೆಯಿತು.

1995ರ ಜನವರಿ 8ರಂದು ಪಾಸರ್ಲಪೂಡಿಯಲ್ಲಿ ಕೊರೆಯುತ್ತಿದ್ದ ಬಾವಿಯೊಂದರಿಂದ ಅನಿಲ ಹತೋಟಿ ಮೀರಿ ಚಿಮ್ಮಿ ಹೊತ್ತಿಕೊಂಡಿತು. ತಾಳೆಯ ಮರಗಳನ್ನೂ ಮೀರಿಸಿದ ಜ್ವಾಲೆ ರಾತ್ರಿಯನ್ನು ಹಗಲು ಮಾಡಿತು. ಅದರ ಮೊರೆತದಲ್ಲಿ ಪಕ್ಕದವರ ಮಾತೂ ಕೇಳಿಸದು. ಸುತ್ತಲಿನ ಜನ ಮನೆ ತೊರೆದರು, ತೆಂಗುಗಳು ಸೀದವು. ಅಮೆರಿಕದ ತಜ್ಞರನ್ನು ಕರೆಸಿ ಬಾವಿಯ ಬಾಯನ್ನು ಮುಚ್ಚುವ ಹೊತ್ತಿಗೆ 65 ದಿನಗಳು ಕಳೆದಿದ್ದವು. ಅಷ್ಟು ದಿನ ಉರಿದುಹೋದ ಇಂಧನ ಯಾರ ಒಲೆಗೂ ಒದಗಲಿಲ್ಲ.

ಇದೇ ತೀರದ ಸಮುದ್ರದಾಳದಲ್ಲಿ 2002ರಲ್ಲಿ ಇನ್ನೂ ದೊಡ್ಡ ನಿಕ್ಷೇಪ ದೊರೆಯಿತು. 2009ರಲ್ಲಿ ಉತ್ಪಾದನೆ ಆರಂಭವಾದಾಗ ದಿನಕ್ಕೆ 8 ಕೋಟಿ ಘನ ಮೀಟರಿನ ನಿರೀಕ್ಷೆಯಿತ್ತು. ಕೆಲವೇ ವರ್ಷಗಳಲ್ಲಿ ಉತ್ಪಾದನೆ ಕುಸಿಯಿತು. ಅದನ್ನೇ ನಂಬಿ ಕಟ್ಟಿದ ವಿದ್ಯುತ್ ಕೇಂದ್ರಗಳು ಸುಮ್ಮನೆ ನಿಂತವು. ನೆಲದೊಳಗಿನ ಲೆಕ್ಕ ಕಾಗದದ ಲೆಕ್ಕದಂತಲ್ಲ.

ಕೋನಸೀಮೆಯ ಹಳ್ಳಿಗಳಿಗೆ ಇದಕ್ಕಿಂತ ಕಠಿನವಾದ ದಿನ 2014ರ ಜೂನ್ 27. ನಗರಂ ಎಂಬ ಊರಿನ ನೆಲದಡಿಯ ಕೊಳವೆ ಒಳಗಿನಿಂದ ತುಕ್ಕು ಹಿಡಿದಿತ್ತು. ಅನಿಲದೊಡನೆ ಸಾಗುವ ನೀರಿನಂಶ ಉಕ್ಕನ್ನು ತಿನ್ನುತ್ತದೆ. ಅದನ್ನು ಮೊದಲೇ ಬೇರ್ಪಡಿಸಬೇಕು. ಸೋರಿದ ಅನಿಲ ಮನೆಗಳ ಸುತ್ತ ಮಡುಗಟ್ಟಿ, ನಸುಕಿನಲ್ಲಿ ಕಿಡಿ ತಾಗಿ ಸ್ಫೋಟಿಸಿತು. ನಿದ್ರೆಯಲ್ಲಿದ್ದವರು, ಒಲೆ ಹಚ್ಚಲು ಎದ್ದವರು ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಕೊಳವೆಯ ಅನಿಲ ನಗರಂ ಊರಿನದಾಗಿರಲಿಲ್ಲ. ದೂರದ ಕೃಷ್ಣಾತೀರದ ಕೊಂಡಪಲ್ಲಿಯಲ್ಲಿ ವಿದ್ಯುತ್ತಾಗಲು ಹೊರಟಿತ್ತು.