ಬಸುರಿಯರೇ, ಮಾತ್ರೆ ಬಿಟ್ಟೀರಿ ಜೋಕೆ!

ಎಚ್‌ಐವಿ ಮಾತ್ರೆ ತಗೊಂಡ್ರೆ ಹುಟ್ಟೋ ಮಗು ಊನವಾಗುತ್ತಂತೆ! ಈ ಗುಲ್ಲಿನ ಬೇರು ಆಫ್ರಿಕಾದ ಬೋಟ್ಸ್ವಾನಾದಲ್ಲಿದೆ.

2018ರಲ್ಲಿ ಅಲ್ಲಿ ಲೆಕ್ಕ ಹಾಕಿದಾಗ, ಗರ್ಭ ನಿಲ್ಲುವ ಹೊತ್ತಿಗೇ ಡೊಲುಟೆಗ್ರಾವಿರ್ ನುಂಗುತ್ತಿದ್ದ 426 ತಾಯಂದಿರಲ್ಲಿ ನಾಲ್ವರ ಮಕ್ಕಳಿಗೆ ಮಿದುಳು, ಬೆನ್ನುಹುರಿಯ ಊನ ಕಂಡಿತು. ಅಂದರೆ ಸಾವಿರಕ್ಕೆ ಒಂಬತ್ತು! ಬೇರೆ ಎಚ್‌ಐವಿ ಮಾತ್ರೆಯವರಲ್ಲಿ ಸಾವಿರಕ್ಕೆ ಒಂದರ ಆಸುಪಾಸು. ಬಸುರಾಗುವ ವಯಸ್ಸಿನ ಹೆಂಗಸರಿಗೆ ಈ ಮಾತ್ರೆ ಬೇಡವೆಂದು ಹಲವು ದೇಶಗಳು ತಡೆದವು.

ಎಣಿಕೆ ಮಾತ್ರ ನಿಲ್ಲಲಿಲ್ಲ. ಹೆರಿಗೆಗಳ ಲೆಕ್ಕ ಏರಿದಂತೆ ಊನದ ಪ್ರಮಾಣ ಇಳಿಯಿತು. 2019ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಬಸುರಿಯರಿಗೂ ಇದೇ ಇರಲಿ ಎಂದಿತು. 2022ರ ವೇಳೆಗೆ, ಒಂಬತ್ತು ಸಾವಿರಕ್ಕೂ ಮೀರಿ ಹೆರಿಗೆ ಎಣಿಸಿದಾಗ, ಇಲ್ಲೂ ಸಾವಿರಕ್ಕೆ ಒಂದೇ!

ಸರಕಾರಿ ಎಆರ್‌ಟಿ ಕೇಂದ್ರಗಳು ಪುಕ್ಕಟೆ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ ಇರುವುದೂ ಇದೇ ಔಷಧಿ. ಹಳೇ ಸುದ್ದಿಗೆ ಹೆದರಿ ಬಿಟ್ಟರೆ ಕುತ್ತು ಮಗುವಿಗೇ. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯ ಸೋಂಕು ತಗಲುತ್ತದೆ. ತಪ್ಪದೆ ಚಿಕಿತ್ಸೆ ನಡೆದರೆ ಐದಕ್ಕೂ ಕಡಿಮೆ.

ಅನುಮಾನ ಬಂತೇ? ಮಾತ್ರೆ ನಿಲ್ಲಿಸುವ ಮೊದಲು ಡಾಕ್ಟರನ್ನು ಕೇಳಿ.